ತಿರುಗಿ ಬಾರದ ಮೂರು ತಟ್ಟೆಗಳು

ಎಂಟು ಗಂಟೆ ಹೊಡೆಯುವವರೆಗೂ ಅಗರಕ್ಕ ಬಿಸಿಪೆಟ್ಟಿಗೆಯ ಹಿಡಿ ಮುಟ್ಟಲಿಲ್ಲ. ರೋಗಾಣು ಬೆಳೆಯಲು ನಿನ್ನೆ ಮಧ್ಯಾಹ್ನ ಎರಡಕ್ಕೆ ಇಟ್ಟ ತಟ್ಟೆಗಳಿಗೆ ಹದಿನೆಂಟು ಗಂಟೆ ಎಂದರೆ ಹದಿನೆಂಟೇ. ಒಂದು ನಿಮಿಷ ಮುಂಚೆ ತೆರೆದರೂ ಅದನ್ನೇ ಹಿಡಿದು ಎಳೆದಾಡುವವರಿದ್ದಾರೆ ಎಂದು ಅವಳಿಗೆ ಗೊತ್ತು.

ಅವಳ ಹಿಂದೆ ಇನ್ಸ್‌ಪೆಕ್ಟರು ತೋಳಿನ ಮೇಲಿನ ಹತ್ತಿಯನ್ನು ಇನ್ನೂ ಒತ್ತಿ ಹಿಡಿದೇ ನಿಂತಿದ್ದರು. ನಿನ್ನೆ ಬೆಳಿಗ್ಗೆ ಆ ತೋಳಿನಿಂದ ಒಂದು ಸಿರಿಂಜು ರಕ್ತ ತೆಗೆಯುವಾಗ ಅವರು ಮುಖವನ್ನು ಗೋಡೆಗೆ ತಿರುಗಿಸಿದ್ದರು. ಇಪ್ಪತ್ತು ವರ್ಷದ ನೌಕರಿಯಲ್ಲಿ ಬೇಕಾದಷ್ಟು ರಕ್ತ ನೋಡಿದ್ದೇನೆ, ಅದರಲ್ಲಿ ಒಂದು ತೊಟ್ಟೂ ನನ್ನದಾಗಿರಲಿಲ್ಲ ಎಂದು ಸಮಜಾಯಿಷಿ ಕೊಟ್ಟಿದ್ದರು. ಇನ್ನೊಂದು ಸಿರಿಂಜಿನಲ್ಲಿದ್ದದ್ದು ಅಗರಕ್ಕನದೇ ರಕ್ತ.

ಹನ್ನೊಂದಕ್ಕೆ ವಿಚಾರಣಾ ಸಮಿತಿ ಕೂರುತ್ತದೆ. ಶಸ್ತ್ರಚಿಕಿತ್ಸೆಯ ವಾರ್ಡಿನಲ್ಲಿ ಐದು ವಾರದೊಳಗೆ ನಾಲ್ವರು ರೋಗಿಗಳು ರಕ್ತಕ್ಕೆ ಸೋಂಕು ಇಳಿದು ಸತ್ತರು. ಅದಕ್ಕೆಲ್ಲ ಆ ವಾರ್ಡಿನ ಒಬ್ಬ ನರ್ಸೇ ಕಾರಣ ಎಂದು ಬರೆದ ಕಾಗದಕ್ಕೆ ಇವತ್ತು ಸಹಿ ಬೀಳುತ್ತದೆ. ಆ ನರ್ಸು ಅಗರಕ್ಕನ ಬೆನ್ನಿಗೆ ಹುಟ್ಟಿದ ತಂಗಿ, ಪುಟ್ಟಿ. ಸಹಿ ಬಿದ್ದ ಮೇಲೆ ಪುಟ್ಟಿಯ ಮನೆಗೆ ಹೋಗಿ ಅವಳನ್ನು ಕರೆದೊಯ್ಯಬೇಕಾದವರು ಈ ಇನ್ಸ್‌ಪೆಕ್ಟರೇ.

ಪೆಟ್ಟಿಗೆಯ ಬಾಗಿಲು ತೆರೆಯಿತು. ಬೆಚ್ಚಗಿನ, ಮುಗ್ಗಲು ವಾಸನೆಯ ಗಾಳಿ ಮುಖಕ್ಕೆ ಬಡಿಯಿತು. ಅಗರಕ್ಕ ಮೊದಲನೆಯ ಟ್ರೇ ಮಾತ್ರ ಹೊರಗೆಳೆದಳು. ಎರಡನೆಯದನ್ನು ನಿನ್ನೆ ನಾಲ್ಕು ಗಂಟೆಗೆ ಇಟ್ಟದ್ದು. ಅದಕ್ಕೆ ಹತ್ತರವರೆಗೆ ಸಮಯವಿದೆ.

ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಅವಳ ಕೋಣೆಗೆ ಅಡುಗೆಮನೆ ಎಂದೇ ಹೆಸರು. ರೋಗಾಣುಗಳಿಗೆ ಉಣ್ಣಲು ಅಗರ್ ಎನ್ನುವ ಅಂಟುಗಂಜಿ ಕುದಿಸಿ, ಗಾಜಿನ ತಟ್ಟೆಗಳಿಗೆ ಹೊಯ್ದು, ಆರಿಸಿ, ಎಣಿಸಿ ಕೊಡುವವಳು ಅವಳು. ಕೆಲಸ ಮುಗಿದ ತಟ್ಟೆಗಳು ತಿರುಗಿ ಅವಳ ಬಳಿಗೇ ಬರಬೇಕು. ಅವುಗಳನ್ನು ಆವಿಯ ಹಂಡೆಗೆ ಹಾಕಿ ರೋಗಾಣು ಸಾಯುವವರೆಗೆ ಬೇಯಿಸಿ, ತೊಳೆದು, ಮತ್ತೆ ಜೋಡಿಸುವವಳೂ ಅವಳೇ. ಹತ್ತೊಂಬತ್ತು ವರ್ಷದಿಂದ ಇದೇ ಕೆಲಸ. ಅವಳ ನಿಜವಾದ ಹೆಸರು ಹಾಜರಿ ಪುಸ್ತಕಕ್ಕೆ ಬಿಟ್ಟರೆ ಯಾರಿಗೂ ನೆನಪಿಲ್ಲ.

ಟ್ರೇಯಲ್ಲಿದ್ದದ್ದು ನಲ್ಲಿಯ ರೋಗಾಣು. ವಾರ್ಡಿನ ಕೈತೊಳೆಯುವ ನಲ್ಲಿಯ ಮೂತಿಯಿಂದ ತೆಗೆದದ್ದು. ದೊಡ್ಡ ಡಾಕ್ಟರು, ಅಂದರೆ ಪ್ರಯೋಗಾಲಯದ ಮುಖ್ಯಸ್ಥರು, ಇದರ ಮೇಲೆಯೇ ವರದಿ ಬರೆದಿದ್ದರು. ಇದೂ ರೋಗಿಗಳನ್ನು ಕೊಂದ ರೋಗಾಣುವೂ ಒಂದೇ ಜಾತಿ. ಎರಡೂ ಮನುಷ್ಯನ ತಾಜಾ ಸೀರಮ್‌ನಲ್ಲಿ ಬದುಕಿ ಉಳಿಯುತ್ತವೆ. ಆದ್ದರಿಂದ ಎರಡೂ ಒಂದೇ. ಆದ್ದರಿಂದ ನಲ್ಲಿ ಸರಿಯಾಗಿ ತೊಳೆಸದ, ಅದರಲ್ಲೇ ಕೈ ಅದ್ದಿ ರೋಗಿಗಳನ್ನು ಮುಟ್ಟಿದ ನರ್ಸೇ ಅಪರಾಧಿ. ಜೀನ್ ಪರೀಕ್ಷೆಗೆ ಬೇರೆ ಊರಿಗೆ ಕಳಿಸಿದ್ದರ ಫಲಿತಾಂಶ ಬರಲು ಇನ್ನೂ ಮೂರು ವಾರ ಬೇಕು. ಸಮಿತಿಗೆ ಅಷ್ಟು ಪುರುಸೊತ್ತಿಲ್ಲವಂತೆ. ಒಬ್ಬ ನರ್ಸಿನ ಬಾಳು ಹಾಳುಮಾಡಲು ಮೂರು ವಾರ ಕಾಯುವ ತಾಳ್ಮೆಯೂ ದೊಡ್ಡವರಿಗೆ ಇರುವುದಿಲ್ಲ.

ಅಗರಕ್ಕ ತಟ್ಟೆಗಳನ್ನು ಕಿಟಕಿಯ ಬೆಳಕಿಗೆ ಹಿಡಿದಳು. ತಾಜಾ ಸೀರಮ್ ಬೆರೆಸಿದವು ತೊಳೆದಿಟ್ಟಷ್ಟು ಖಾಲಿ. ಇನ್ಸ್‌ಪೆಕ್ಟರ ಸೀರಮ್ ಇರಲಿ, ಅವಳದಿರಲಿ, ನಲ್ಲಿಯ ರೋಗಾಣು ಒಂದೂ ಉಳಿದಿರಲಿಲ್ಲ. ಅದೇ ಸೀರಮ್ ಅನ್ನು ಕಾಯಿಸಿ ಬೆರೆಸಿದ್ದ ತಟ್ಟೆಗಳಲ್ಲಿ ಮಾತ್ರ ಸಾಸಿವೆ ಚೆಲ್ಲಿದ ಹಾಗೆ ಚುಕ್ಕೆಗಳು ತುಂಬಿದ್ದವು.

“ಸತ್ತಿದೆ,” ಎಂದಳು. “ನಲ್ಲೀದು ಸತ್ತೇಹೋಗಿದೆ ಸಾರ್. ಇದು ಯಾರನ್ನೂ ಕೊಲ್ಲೋ ಗಿರಾಕಿ ಅಲ್ಲ.”

ಇನ್ಸ್‌ಪೆಕ್ಟರು ತಮ್ಮಂಥ ದಡ್ಡನಿಗೆ ಅರ್ಥವಾಗುವ ಹಾಗೆ ಹೇಳಬೇಕೆಂದು ಕೇಳಿಕೊಂಡರು. ಸಮಿತಿಯ ಮುಂದೆ ತಾವೇ ಬಾಯಿ ಬಿಡಬೇಕಲ್ಲ.

ಅವಳು ಹೇಳಿದಳು. ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ಹಳದಿ ತಿಳಿಯೇ ಸೀರಮ್. ಅದರಲ್ಲಿ ಒಂದು ಕಾವಲು ಪಡೆ ಇರುತ್ತದೆ, ಅದೂ ಪ್ರೋಟೀನುಗಳದ್ದೇ. ಹೊರಗಿನವನು ಕಂಡರೆ ಸಾಕು, ಮೈಮೇಲೆ ಕುಳಿತು ತೂತು ಕೊರೆದು ಕೊಲ್ಲುತ್ತದೆ. ಈ ಜಾತಿಯ ರೋಗಾಣುವಿಗೆ ಎಲ್ಲಕ್ಕಿಂತ ಹೊರಗೆ ಒಂದು ಪೊರೆ. ಆ ಪೊರೆಯ ತುಂಬ ಪ್ರೋಟೀನುಗಳನ್ನು ನಾಟಿದಂತಿರುತ್ತದೆ. ಕೆಲವು ಆಹಾರ ಒಳಗೆ ಬಿಡುವ ಬಾಗಿಲು, ಕೆಲವು ಜೀವಕೋಶಕ್ಕೆ ಸಿಕ್ಕಿಸುವ ಕೊಕ್ಕೆ. ಕೊಲೆಗಾರ ತಳಿಯ ಪೊರೆಯಲ್ಲಿ ಇನ್ನೂ ಒಂದು ಇದೆ. ಅದು ನಮ್ಮದೇ ರಕ್ತದಿಂದ ‘ಇವನು ನಮ್ಮವನು, ಬಿಟ್ಟುಬಿಡಿ’ ಎಂದು ಹೇಳುವ ಪ್ರೋಟೀನನ್ನು ಕಿತ್ತು ಮೈಗೆ ಅಂಟಿಸಿಕೊಳ್ಳುತ್ತದೆ. ಕಾವಲು ಪಡೆ ಅದನ್ನು ನೋಡಿ ಸಲಾಮು ಹೊಡೆದು ಮುಂದೆ ಹೋಗುತ್ತದೆ.

“ಕಳ್ಳ ಪೊಲೀಸ್ ಬಿಲ್ಲೆ ಹಾಕ್ಕೊಂಡ ಹಾಗೆ,” ಎಂದರು ಇನ್ಸ್‌ಪೆಕ್ಟರು.

“ಹೂಂ. ನಲ್ಲಿಯವನ ಹತ್ತಿರ ಆ ಬಿಲ್ಲೆ ಇಲ್ಲ.”

ಮತ್ತೆ ದೊಡ್ಡ ಡಾಕ್ಟರ ಪರೀಕ್ಷೆಯಲ್ಲಿ ಬದುಕಿದ್ದು ಹೇಗೆ ಎಂದು ಅವರು ಕೇಳಿದರು. ಅಗರಕ್ಕ ಕಾಯಿಸಿದ ತಟ್ಟೆಯತ್ತ ಬೆರಳು ಮಾಡಿದಳು. ಐವತ್ತಾರು ಡಿಗ್ರಿ, ಅರ್ಧ ಗಂಟೆ. ಅಷ್ಟು ಬಿಸಿ ತಾಕಿದರೆ ಕಾವಲು ಪಡೆ ಪೂರ್ತಿ ನಿರ್ನಾಮ. ಆಮೇಲೆ ಅಂಥ ಸೀರಮ್‌ನಲ್ಲಿ ಯಾವ ಬಡಪಾಯಿ ರೋಗಾಣುವೂ ಕಾಲು ಚಾಚಿ ಮಲಗಬಹುದು. ದೊಡ್ಡ ಡಾಕ್ಟರು ಬಳಸಿದ್ದು ತಾಜಾ ಸೀರಮ್ ಅಲ್ಲ, ಬೆಂದ ಸೀರಮ್.

ಇಷ್ಟು ಹೇಳಿ ಅವಳು ಫ್ರಿಜ್ಜಿನ ಕಡೆಗೆ ತಿರುಗಿದಳು.

ಬೇಯಿಸಿದವಳು ಅವಳೇ.

ಮೇಲಿನ ಮಹಡಿಯಲ್ಲಿ ಜೀವಕೋಶ ಬೆಳೆಸುವವರಿಗೆ ಬೆಂದ ಸೀರಮ್ ಬೇಕು. ಹಸಿಯದಾದರೆ ಅವರ ಕೋಶಗಳೇ ಸಾಯುತ್ತವೆ. ಅದಕ್ಕಾಗಿ ಹತ್ತೊಂಬತ್ತು ವರ್ಷದಿಂದ ಫ್ರಿಜ್ಜಿನಲ್ಲಿ ಅವರ ಪಾಲಿನ ಪ್ರತಿ ಬಾಟಲಿಯನ್ನೂ ಅವಳು ಬಿಸಿನೀರ ತೊಟ್ಟಿಯಲ್ಲಿ ಅರ್ಧ ಗಂಟೆ ನಿಲ್ಲಿಸಿ, ನೀಲಿ ಮುಚ್ಚಳ ಹಾಕಿ, ಮೇಲಿನ ಅರೆಯಲ್ಲಿಡುತ್ತಾಳೆ. ನೀಲಿ ಎಂದರೆ ಬೆಂದದ್ದು, ಬಿಳಿ ಎಂದರೆ ಹಸಿ. ಎಲ್ಲೂ ಬರೆದಿಲ್ಲ. ಎಲ್ಲರಿಗೂ ಗೊತ್ತು ಎಂದು ಬರೆದಿಲ್ಲ. ಚೀಟಿಯ ಮೇಲೆ ಎರಡೇ ಎರಡು ಪದ ಬರೆಯುವುದಕ್ಕೆ ನಿನಗೆ ಏನು ರೋಗ ಬಂದಿತ್ತು ಎಂದು ತನ್ನನ್ನೇ ಬೈದುಕೊಂಡಳು.

ಇನ್ಸ್‌ಪೆಕ್ಟರು ಅವಳ ಮುಖ ನೋಡಿ, ಏನೆಂದು ಕೇಳಿದರು. ಅವಳು ಮುಚ್ಚಿಡಲಿಲ್ಲ. ಎಲ್ಲ ಹೇಳಿ, ಇದನ್ನೂ ಬರೆದುಕೊಳ್ಳಿ ಎಂದಳು.

ಅವರು ಬರೆದುಕೊಳ್ಳಲಿಲ್ಲ. ಬದಲಿಗೆ ಒಂದು ಪ್ರಶ್ನೆ ಕೇಳಿದರು: ಬೆಂದದ್ದೋ ಹಸಿಯೋ ಎಂದು ದೊಡ್ಡ ಡಾಕ್ಟರಿಗೆ ಪರೀಕ್ಷೆಯಲ್ಲಿಯೇ ಗೊತ್ತಾಗುವ ದಾರಿ ಏನಾದರೂ ಇತ್ತೇ?

ಅಗರಕ್ಕ ಗೂಡಿನಿಂದ, ಹೋದ ಬಂದ ತಟ್ಟೆಗಳ ಲೆಕ್ಕ ಬರೆಯುವ ತನ್ನ ತಟ್ಟೆಪುಸ್ತಕ ತೆಗೆದಳು.

*

ದೊಡ್ಡ ಡಾಕ್ಟರ ಕೋಣೆಯಲ್ಲಿ ಎರಡು ಕುರ್ಚಿ ಖಾಲಿ ಇದ್ದವು. ಇನ್ಸ್‌ಪೆಕ್ಟರಿಗೆ ಅವರು ಒಂದನ್ನು ತೋರಿಸಿದರು. ಅಗರಕ್ಕನಿಗೆ ನಿಂತರೂ ಪರವಾಗಿಲ್ಲ ಎಂದರು, ಅವಳೇನೋ ಕೂರಲು ಹೊರಟಿದ್ದಳು ಎಂಬಂತೆ.

ಒಂಬತ್ತೂವರೆ. ಅವರು ಸಮಿತಿಗೆ ತೊಡಲು ಇಸ್ತ್ರಿ ಮಾಡಿದ ಬಿಳಿ ಕೋಟನ್ನು ಕುರ್ಚಿಯ ಬೆನ್ನಿಗೆ ಹಾಕಿದ್ದರು. ಇನ್ಸ್‌ಪೆಕ್ಟರು ಬೆಂದ ಸೀರಮ್‌ನ ಕಥೆ ಹೇಳಿ ಮುಗಿಸುವವರೆಗೂ ಕನ್ನಡಕ ಒರೆಸುತ್ತಾ ಕೇಳಿದರು. ಕೋಪ ಮಾಡಿಕೊಳ್ಳಲಿಲ್ಲ. ಅವರು ಕೋಪ ಮಾಡಿಕೊಳ್ಳುವುದೇ ಇಲ್ಲ. ಬೇರೆಯವರು ತಲೆ ತಗ್ಗಿಸುವವರೆಗೆ ನಯವಾಗಿ ಮಾತಾಡುತ್ತಾರೆ.

“ಸೀರಮ್ ಬೇಯಿಸಿದ್ದು ಯಾರು?” ಎಂದು ಕೇಳಿದರು, ಅಗರಕ್ಕನನ್ನು ನೋಡದೆ.

“ನಾನೇ ಸಾರ್.”

“ಬಾಟಲಿ ಮೇಲೆ ಬರೆದಿತ್ತಾ?”

“ಇಲ್ಲ.”

“ನೋಡಿ,” ಎಂದು ಅವರು ಇನ್ಸ್‌ಪೆಕ್ಟರತ್ತ ತಿರುಗಿದರು. ತಂಗಿ ನಲ್ಲಿ ತೊಳೆಸಲಿಲ್ಲ, ಅಕ್ಕ ಚೀಟಿ ಬರೆಯಲಿಲ್ಲ. ಒಂದೇ ಮನೆಯ ಶಿಸ್ತು, ಇನ್ನೇನು ಹೇಳಲಿ ಎಂದರು. ನೀಲಿ ಮುಚ್ಚಳ, ಬಿಳಿ ಮುಚ್ಚಳ ಎಂಬ ಕಟ್ಟಳೆ ತಾವು ಕೇಳಿಯೇ ಇಲ್ಲವೆಂದರು. ಈ ವಯಸ್ಸಿನಲ್ಲಿ ಅವಳನ್ನು ಕೆಲಸದಿಂದ ತೆಗೆಯುವುದು ತಮಗೂ ಸಂಕಟವೇ, ಆದರೂ ಹೊಸ ಪರೀಕ್ಷೆಯ ಮಾತೆತ್ತಿದರೆ ಆ ಪ್ರಶ್ನೆ ಬಂದೇ ಬರುತ್ತದೆ ಎಂದು ಸೇರಿಸಿದರು.

ಅಗರಕ್ಕನ ಕಿವಿ ಬಿಸಿಯಾಯಿತು. ನಾಲ್ಕು ಜನ ಸತ್ತಿದ್ದಾರೆ; ಒಬ್ಬರು ಎರಡು ಮಕ್ಕಳ ತಾಯಿ, ಅಪೆಂಡಿಕ್ಸ್ ತೆಗೆಸಿಕೊಂಡು ಮೂರು ದಿನದಲ್ಲಿ ಮನೆಗೆ ಹೋಗಬೇಕಾದವರು. ಈ ಮನುಷ್ಯನಿಗೆ ಕೋಟಿನ ಇಸ್ತ್ರಿ ಮುರಿಯಬಾರದು ಅಷ್ಟೇ. ಪುಟ್ಟಿ ಆ ತಾಯಿಯ ಹಾಸಿಗೆಯ ಪಕ್ಕ ಎರಡು ಪಾಳಿ ಒಟ್ಟಿಗೆ ನಿಂತಿದ್ದಳು. ಅಂಥವಳ ತಲೆಗೆ ಕಟ್ಟುತ್ತಿದ್ದಾರೆ.

ಅವಳು ತಟ್ಟೆಪುಸ್ತಕ ಮೇಜಿನ ಮೇಲಿಟ್ಟು, ಅವರ ಪರೀಕ್ಷೆಯ ದಿನದ ಪುಟ ತೆರೆದಳು.

“ಚೀಟಿ ಬರೀದೇ ಇದ್ದಿದ್ದು ನನ್ನ ತಪ್ಪು. ಒಪ್ಕೊಂಡೆ. ಆದರೆ ಆ ದಿನ ನನ್ನ ಅಡುಗೆಮನೆಯಿಂದ ನಿಮ್ಮ ಮೇಜಿಗೆ ಬಂದಿದ್ದು ಹನ್ನೆರಡು ತಟ್ಟೆ. ತಿರುಗಿ ಬಂದಿದ್ದು ಒಂಬತ್ತು.”

ಅವರು ಕನ್ನಡಕ ಹಾಕಿಕೊಂಡರು.

ಇಂಥ ಪರೀಕ್ಷೆ ಮಾಡುವಾಗಲೆಲ್ಲ ಪಕ್ಕದಲ್ಲಿ ಮೂರು ತಟ್ಟೆಗೆ ಒಂದು ಬಡಕಲು ತಳಿಯನ್ನು ಬಿತ್ತುತ್ತಾರೆ. ಅದರ ಪೊರೆಯಲ್ಲಿ ರಕ್ಷಣೆ ಕೊಡುವ ಪ್ರೋಟೀನು ಒಂದೂ ಇಲ್ಲ. ಹಸಿ ಸೀರಮ್ ಒಂದು ಹನಿ ಸೋಕಿದರೆ ಸಾಕು, ಸಾಯುತ್ತದೆ. ಅದು ಸತ್ತಿದ್ದರೆ ಸೀರಮ್ ಸರಿ ಇದೆ ಎಂದು ಅರ್ಥ. ಅದೇ ಬದುಕಿ ಕೂತಿದ್ದರೆ ಸೀರಮ್ ಬೆಂದಿದೆ, ಪರೀಕ್ಷೆಯನ್ನೇ ಬಿಸಾಡಬೇಕು. ವರದಿಯ ನಾಲ್ಕನೆಯ ಸಾಲಿನಲ್ಲಿ ದೊಡ್ಡ ಡಾಕ್ಟರು ತಮ್ಮ ಕೈಯಾರೆ ಬರೆದಿದ್ದರು: ಬಡಕಲು ತಳಿ ಪೂರ್ತಿ ಸತ್ತಿದೆ.

“ಬೆಂದ ಸೀರಮ್‌ನಲ್ಲಿ ಅದು ಹೇಗೆ ಸಾಯುತ್ತೆ ಸಾರ್?” ಎಂದಳು ಅಗರಕ್ಕ. “ಸಾಯಲ್ಲ. ತಟ್ಟೆ ತುಂಬ ಬೆಳೆದಿರುತ್ತೆ. ನೀವು ನೋಡಿದ್ರಿ. ನೋಡಿದ ಮೇಲೆ ಆ ಮೂರೂ ತಟ್ಟೇನ ನನ್ನ ಹಂಡೆಗೆ ಕಳಿಸಲಿಲ್ಲ. ನಾನು ಮೂರು ಸಲ ಬಂದು ಕೇಳಿದೆ. ಒಡೆದುಹೋಯ್ತು ಅಂದ್ರಿ. ಒಡೆದ ಗಾಜೂ ನನ್ನ ಡಬ್ಬಿಗೇ ಬರಬೇಕು. ಬರಲಿಲ್ಲ.”

ಇನ್ಸ್‌ಪೆಕ್ಟರು ಪೆನ್ನಿನ ಮುಚ್ಚಳ ತೆಗೆದರು.

ದೊಡ್ಡ ಡಾಕ್ಟರು ಮೊದಲ ಬಾರಿಗೆ ಅವಳ ಕಣ್ಣಲ್ಲಿ ಕಣ್ಣಿಟ್ಟು ನೋಡಿದರು. ಆಮೇಲೆ, ಪಾತ್ರೆ ತೊಳೆಯುವವಳ ಲೆಕ್ಕವನ್ನು ಸಮಿತಿ ಎಷ್ಟರಮಟ್ಟಿಗೆ ನಂಬುತ್ತದೋ ನೋಡೋಣ ಎಂದರು.

“ನನ್ನ ನಂಬೋದು ಬೇಡ,” ಎಂದಳು ಅವಳು. “ನಲ್ಲೀದು ಕೊಲೆಗಾರ ಅಲ್ಲ ಅಂದ ಮೇಲೆ ನಿಜವಾದವನು ಇನ್ನೂ ಎಲ್ಲೋ ಇದ್ದಾನೆ. ಆ ವಾರ್ಡಲ್ಲಿ ಹನ್ನೊಂದು ಜನ ಕೆಲಸ ಮಾಡ್ತಾರೆ. ನಾಳೆ ಅವರಿಗೆ ತಗುಲಿದ್ರೆ ಯಾರ ತಲೆಗೆ ಕಟ್ತೀರಿ?”

“ಸಿಬ್ಬಂದಿಗೆ ತಗುಲಲ್ಲ,” ಎಂದರು ದೊಡ್ಡ ಡಾಕ್ಟರು ಕೋಟು ಎತ್ತಿಕೊಳ್ಳುತ್ತಾ. “ಒಬ್ಬರಿಗೂ ತಗುಲಲ್ಲ. ಅದರ ಚಿಂತೆ ನಿನಗೆ ಬೇಡ.”

ಇನ್ಸ್‌ಪೆಕ್ಟರ ಪೆನ್ನು ನಿಂತಿತು.

*

ಇಬ್ಬರೂ ಅಡುಗೆಮನೆಗೆ ತಿರುಗಿ ಬಂದರು. ಬಾಗಿಲು ಹಾಕಿದ ಮೇಲೆ ಇನ್ಸ್‌ಪೆಕ್ಟರು ಹೇಳಿದರು: ರೋಗಾಣು ಎಲ್ಲಿದೆ ಎಂದೇ ಗೊತ್ತಿಲ್ಲದವನಿಗೆ ಅದು ಯಾರಿಗೆ ತಗುಲುವುದಿಲ್ಲ ಎಂದು ಹೇಗೆ ಗೊತ್ತು? ಈ ಐದು ವಾರದಲ್ಲಿ ಸಿಬ್ಬಂದಿಯಲ್ಲಿ ಒಬ್ಬರಿಗಾದರೂ ಜ್ವರ ಬಂದಿತ್ತೇ?

ಇಲ್ಲ. ಒಬ್ಬರಿಗೂ ಬಂದಿರಲಿಲ್ಲ. ಎಲ್ಲರೂ ಅದನ್ನು ಅದೃಷ್ಟ ಎಂದುಕೊಂಡಿದ್ದರು.

ಹತ್ತು ಹೊಡೆಯಿತು. ಅಗರಕ್ಕ ಎರಡನೆಯ ಟ್ರೇ ಹೊರಗೆ ತೆಗೆದಳು. ಇದು ರೋಗಿಗಳ ರಕ್ತದಿಂದ ಬಂದ ತಳಿ, ನಿಜವಾದ ಕೊಲೆಗಾರ. ಹಸಿ ಸೀರಮ್‌ನಲ್ಲೂ ಇದು ಬದುಕುತ್ತದೆ ಎಂದು ಖಾತ್ರಿ ಮಾಡಿಕೊಳ್ಳಲು ಮಾತ್ರ ಬಿತ್ತಿದ್ದಳು. ಇನ್ಸ್‌ಪೆಕ್ಟರ ಹಸಿ ಸೀರಮ್‌ನ ತಟ್ಟೆ ಕಿಕ್ಕಿರಿದಿತ್ತು. ಅಂದುಕೊಂಡಂತೆಯೇ.

ಪಕ್ಕದ ತಟ್ಟೆ ಖಾಲಿ.

ಅವಳು ಅದನ್ನು ತಿರುಗಿಸಿ ಕೆಂಪು ಮೇಣದ ಪೆನ್ಸಿಲಿನ ಗುರುತು ನೋಡಿದಳು. ತನ್ನದೇ ರಕ್ತ, ಹಸಿ. ರೋಗಾಣು ಹಾಕುವುದನ್ನೇ ಮರೆತೆನೇ ಎಂದುಕೊಂಡಳು. ಅದೇ ರಕ್ತದ ಜೋಡಿ ತಟ್ಟೆ ನೋಡಿದಳು. ಅದೂ ಖಾಲಿ. ತನ್ನದೇ ರಕ್ತವನ್ನು ಬೇಯಿಸಿದ್ದರಲ್ಲಿ ಮಾತ್ರ ಚುಕ್ಕೆ ತುಂಬಿತ್ತು. ಅಂದರೆ ಮರೆತಿರಲಿಲ್ಲ. ಅದೇ ಕೊಳವೆ, ಅದೇ ಕೈ, ಅದೇ ಹೊತ್ತು. ಇನ್ಸ್‌ಪೆಕ್ಟರ ರಕ್ತದಲ್ಲಿ ಮೆರೆದವನು ಅವಳ ರಕ್ತದಲ್ಲಿ ಸತ್ತಿದ್ದ.

“ನಿಮ್ಮ ಪೊಲೀಸರು ನಮ್ಮವರಿಗಿಂತ ಚುರುಕು ಅಂತಾಯ್ತು,” ಎಂದರು ಇನ್ಸ್‌ಪೆಕ್ಟರು.

ಅಗರಕ್ಕ ನಗಲಿಲ್ಲ. ಸ್ಟೂಲಿನ ಮೇಲೆ ಕುಳಿತಳು.

ಚುರುಕಲ್ಲ, ಮುಂಚೆಯೇ ಗುರುತು ಸಿಕ್ಕಿದೆ ಎಂದಳು. ಒಮ್ಮೆ ಆ ಪೊರೆಯ ಪ್ರೋಟೀನನ್ನು ಕಂಡ ದೇಹ ಅದರ ಅಚ್ಚಿಗೆ ಸರಿಯಾಗಿ ಕೂರುವ ಪ್ರತಿಕಾಯಗಳನ್ನು ಮಾಡಿಟ್ಟುಕೊಳ್ಳುತ್ತದೆ. ಮುಂದೆ ಅವನು ಬಂದಾಗ ಅವು ನೇರವಾಗಿ ಆ ಬಿಲ್ಲೆಯನ್ನೇ ಹಿಡಿದು ‘ಇವನೇ’ ಎಂದು ಕೂಗುತ್ತವೆ. ಕಾವಲು ಪಡೆ ಓಡಿ ಬರುತ್ತದೆ.

“ಅವನನ್ನ ಕಾಯೋದೂ ಅದೇ ಪ್ರೋಟೀನು, ಹಿಡಿದುಕೊಡೋದೂ ಅದೇ. ಆದರೆ ಒಂದು ಸಲ ಕಂಡಿರಬೇಕು ಸಾರ್. ನಾನು ಯಾವತ್ತೂ ಕಂಡಿಲ್ಲ.”

ತಟ್ಟೆ ತೊಳೆಯುವಾಗ ಸೋಕಿರಬಹುದೇ ಎಂದು ಅವರು ಕೇಳಿದರು. ಅವಳೂ ಅದನ್ನೇ ಯೋಚಿಸುತ್ತಿದ್ದಳು. ಹಂಡೆಯಲ್ಲಿ ಬೇಯದ ತಟ್ಟೆಯ ಮುಚ್ಚಳವನ್ನು ಅವಳು ಇಷ್ಟು ವರ್ಷದಲ್ಲಿ ಒಮ್ಮೆಯೂ ತೆಗೆದವಳಲ್ಲ. ಆದರೂ ತನ್ನ ಮೇಲೆ ತನಗೆ ಪೂರ್ತಿ ನಂಬಿಕೆಯಿಲ್ಲ. ಯೋಚಿಸುತ್ತಲೇ ಎಡಗೈ ತಾನಾಗಿಯೇ ಬಲತೋಳಿನ ಮೇಲ್ಭಾಗಕ್ಕೆ ಹೋಯಿತು. ಅಲ್ಲಿ ಒಳಗೆ ಇನ್ನೂ ಒಂದು ಸಣ್ಣ ಗಂಟು ಕೈಗೆ ಸಿಗುತ್ತದೆ.

ನಾಲ್ಕು ತಿಂಗಳ ಹಿಂದೆ. ಫ್ಲೂ ಜ್ವರಕ್ಕೆ ಚುಚ್ಚುಮದ್ದು ಎಂದು ವಾರ್ಡು, ಪ್ರಯೋಗಾಲಯದವರನ್ನೆಲ್ಲ ಸಾಲಾಗಿ ನಿಲ್ಲಿಸಿದ್ದರು. ಒಪ್ಪಿಗೆಯ ಸಹಿ ಕೇಳಿರಲಿಲ್ಲ, ಚೀಟಿ ಕೊಟ್ಟಿರಲಿಲ್ಲ. ದೊಡ್ಡ ಡಾಕ್ಟರೇ ಟ್ರೇ ಹಿಡಿದು ಬಂದಿದ್ದರು. ಇಷ್ಟು ದೊಡ್ಡವರು ನಮ್ಮಂಥವರಿಗೆ ತಮ್ಮ ಕೈಯಿಂದಲೇ ಚುಚ್ಚುತ್ತಾರಲ್ಲ ಎಂದು ಅವಳು ಹಿಗ್ಗಿದ್ದಳು. ಮನೆಗೆ ಹೋಗಿ ಅಮ್ಮನಿಗೂ ಹೇಳಿದ್ದಳು. ಎರಡು ದಿನ ತೋಳು ಊದಿ ಮೈ ಸುಟ್ಟಿತ್ತು.

“ಮೊದಲ ರೋಗಿ ಐದು ವಾರದ ಹಿಂದೆ,” ಎಂದರು ಇನ್ಸ್‌ಪೆಕ್ಟರು ನಿಧಾನವಾಗಿ. “ಚುಚ್ಚಿದ್ದು ನಾಲ್ಕು ತಿಂಗಳ ಹಿಂದೆ. ರೋಗ ಬರೋ ಮೊದಲೇ ಮದ್ದು ಸಿದ್ಧವಾಗಿತ್ತು.”

ಅಗರಕ್ಕನಿಗೆ ಈಗ ಎಲ್ಲ ತಾಳೆಯಾಯಿತು. ಆವತ್ತು ಚುಚ್ಚಿದ್ದು ಆ ಪ್ರೋಟೀನನ್ನೇ; ಅದು ಮೊದಲೇ ದೊಡ್ಡ ಡಾಕ್ಟರ ಕೈಯಲ್ಲಿತ್ತು. ಪ್ರೋಟೀನು ಇದ್ದರೆ ಅದನ್ನು ತೊಟ್ಟ ರೋಗಾಣುವೂ ಇದ್ದೇ ಇತ್ತು, ಇದೇ ಕಟ್ಟಡದ ಯಾವುದೋ ಫ್ರಿಜ್ಜಿನಲ್ಲಿ. ಅಲ್ಲಿಂದ ಹೊರಬಿದ್ದು ನಾಲ್ವರನ್ನು ತಿಂದಿತು. ವಾರ್ಡಿನ ನರ್ಸುಗಳನ್ನು, ಆಯಾಗಳನ್ನು, ಅವಳನ್ನು ಕೇಳದೆ ಹೇಳದೆ ತಟ್ಟೆಗಳ ಹಾಗೆ ಸಾಲಾಗಿ ಜೋಡಿಸಿ ಪ್ರಯೋಗ ಮಾಡಿದ್ದರು. ಅಷ್ಟು ಸಾಲದೆಂದು ಅವರಲ್ಲೇ ಒಬ್ಬಳ ಕೈಗೆ ಕೋಳ ತೊಡಿಸಲು ಹೊರಟಿದ್ದರು. ಆವತ್ತು ಟ್ರೇ ಹಿಡಿದವರಿಗೆ ಅವಳು ಥ್ಯಾಂಕ್ಸ್ ಬೇರೆ ಹೇಳಿದ್ದಳು.

ಇನ್ಸ್‌ಪೆಕ್ಟರು ಎದ್ದರು. ಇಷ್ಟು ಸಾಕು, ಸಹಿ ಬೀಳದಂತೆ ಸಮಿತಿಯನ್ನು ನಾನು ನಿಲ್ಲಿಸುತ್ತೇನೆ, ತಟ್ಟೆಗಳನ್ನು ಬೀಗದಲ್ಲಿಡಿ ಎಂದರು.

ಆಗ ಅವಳ ಫೋನು ಬಡಿದುಕೊಂಡಿತು. ಪುಟ್ಟಿ.

ಪಾಪದವಳಿಗೆ ಒಳ್ಳೆಯ ಸುದ್ದಿ ಮೊದಲು ಹೇಳೋಣ ಎಂದು ಅಗರಕ್ಕ ಬಾಯಿ ತೆರೆದಳು. ತಂಗಿಯ ಹಲ್ಲು ಕಟಕಟ ಎನ್ನುವುದು ಫೋನಿನಲ್ಲೇ ಕೇಳಿಸಿತು.

“ಅಕ್ಕಾ, ಬೆಳಿಗ್ಗೆಯಿಂದ ನಡುಕ ಕಣೇ. ನಿನ್ನ ಅಗರ್ ಕುದ್ದ ಹಾಗೆ ಮೈ ಕುದೀತಿದೆ. ನೂರಾ ಮೂರು ಡಿಗ್ರಿ ಜ್ವರ ಇದೆ.”

“ಪುಟ್ಟಿ, ಕೇಳು. ಅವತ್ತು ಎಲ್ಲರಿಗೂ ಚುಚ್ಚಿದ್ರಲ್ಲ, ನಿನಗೂ ಆಯ್ತಾ?”

“ಇಲ್ಲ. ಅತ್ತೆ ಕಾಲು ಮುರ್ಕೊಂಡಿದ್ರು, ರಜೆಯಲ್ಲಿದ್ದೆ. ವಾರ್ಡಲ್ಲಿ ನಾನೊಬ್ಬಳೇ ಬಾಕಿ ಇದ್ದಿದ್ದು.”

ಅಗರಕ್ಕ ಫೋನನ್ನು ಕಿವಿಗೆ ಒತ್ತಿಕೊಂಡಳು.

“ಇದ್ದಿದ್ದು ಅಂದ್ರೆ?”

“ನಿನ್ನೆ ಸಂಜೆ ದೊಡ್ಡ ಡಾಕ್ಟರು ಮನೆಗೇ ಬಂದಿದ್ರು. ಏನೇ ಆಗಲಿ ನೀನು ನಮ್ಮ ಹುಡುಗಿ, ನಿನ್ನ ಮೇಲೆ ನನಗೆ ದ್ವೇಷ ಇಲ್ಲಮ್ಮ ಅಂದ್ರು. ತಮ್ಮ ಕೈಯಿಂದಲೇ ಚುಚ್ಚಿ ಹೋದ್ರು.”

ಕಿಟಕಿಯ ಬೆಳಕಿನಲ್ಲಿ ತಟ್ಟೆಗಳು ಸಾಲಾಗಿ ಕುಳಿತಿದ್ದವು, ಒಂದು ತುಂಬಿದ್ದು, ಒಂದು ಖಾಲಿ. ಚುಚ್ಚಿದ ಮದ್ದಿಗೂ ಮೈ ಸುಡುತ್ತದೆ, ರೋಗಕ್ಕೂ ಸುಡುತ್ತದೆ. ಯಾವುದೆಂದು ಇನ್ನೊಂದು ತಟ್ಟೆ ಬಿತ್ತಿ ಹೇಳಬಹುದು, ಆದರೆ ಅದಕ್ಕೆ ಹದಿನೆಂಟು ಗಂಟೆ ಬೇಕು. ಅಪೆಂಡಿಕ್ಸ್ ತೆಗೆಸಿಕೊಂಡ ಆ ತಾಯಿ ನಡುಕ ಶುರುವಾದ ಹನ್ನೆರಡನೆಯ ಗಂಟೆಗೆ ಸತ್ತಿದ್ದಳು.

ಪುಟ್ಟಿಯ ತೋಳಿಗೆ ಇಳಿದದ್ದು ಬರಿಯ ಬಿಲ್ಲೆಯೋ, ಬಿಲ್ಲೆ ತೊಟ್ಟ ಕೊಲೆಗಾರನೋ?